ತಣ್ಣೀರಲ್ಲೇ ತೊಳೆಯಬೇಕು

ರಕ್ತವನ್ನು ತಣ್ಣೀರಲ್ಲೇ ತೊಳೆಯಬೇಕು.
ಬಿಸಿನೀರು ತಾಗಿತೋ, ಕಲೆ ಅಲ್ಲೇ ಬೇರು ಬಿಡುತ್ತದೆ.
ಬಹ್ರೇನಿನ ಬುದೈಯ ರಸ್ತೆಯಲ್ಲಿ
ಹನ್ನೊಂದು ವರ್ಷ ಬಟ್ಟೆ ತೊಳೆದು ಕಲಿತ ವಿದ್ಯೆ ಇಷ್ಟೇ.
ಮತ್ತೆ, ಹುಲ್ಲಿನ ಕಲೆಗೆ ವಿನೆಗರ್.

ಶುಕ್ರವಾರ ರಾತ್ರಿ ರಗ್ಬಿ ಫೈನಲ್.
ಶನಿವಾರ ಬೆಳಿಗ್ಗೆ ನಲವತ್ತಾರು ಜರ್ಸಿಗಳ ಮೂಟೆ,
ಮೂಟೆಯ ಹಿಂದೆಯೇ ಜಗಳ.
ಪಕ್ಕದಂಗಡಿಯ ಕರಕ್ ಚಹಾ ಕೈಯಲ್ಲಿ ಹಿಡಿದು
ಎರಡೂ ಕಡೆಯವರು ನನ್ನ ಕೌಂಟರಿಗೇ ಬಂದರು.

ಇಮ್ರಿಸ್, ವೇಲ್ಸಿನವನು, ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು,
ಪೇಪರ್ ಕಪ್ಪನ್ನು ನನ್ನ ಬಿಲ್ ಪುಸ್ತಕದ ಮೇಲಿಟ್ಟ:
“ಇದು ನಮ್ಮ ಹುಡುಗನ ಕತ್ತು.
ಇದು ನಿಮ್ಮ ಏಳನೇ ನಂಬರಿನ ತೋಳು.
ಬೇಕಾದರೆ ಟೇಪು ತಂದು ಅಳೆಯಿರಿ.”

ಟೆವಿಟಾ ನಕ್ಕ. ಅವನು ನಕ್ಕರೆ ನಮ್ಮ ಬಾಗಿಲು ಸಣ್ಣದಾಗುತ್ತದೆ.
“ಬಗ್ಗಿದ್ದು ನಿಮ್ಮವನು.
ಬಗ್ಗಿದವನ ಕತ್ತು ಎಲ್ಲಿದೆ ಅಂತ
ಹೊರಟ ತೋಳಿಗೆ ಯಾರು ಹೇಳಬೇಕು?”

ಜಾಸಿಂ ಮೊಬೈಲು ತೆಗೆದ. ನಿಧಾನಕ್ಕೆ ಓಡಿಸಿದ,
ಇನ್ನೂ ನಿಧಾನಕ್ಕೆ.
ಅಷ್ಟು ನಿಧಾನಿಸಿದರೆ
ಅಪ್ಪಿಕೊಳ್ಳುವುದೂ ಕೊಲೆಯಂತೆಯೇ ಕಾಣುತ್ತದೆ.

“ರೆಫ್ರಿಗೆ ಬೆಳಕು ಅಡ್ಡ ಬಂತು.”
“ಬೆಳಕು ಯಾರಿಗಾದರೂ ಅಡ್ಡ ಬರುತ್ತದೇನಯ್ಯಾ?”
“ಆಮೇಲೆ ಗುಂಪಿನಡಿ ಕಣ್ಣಿಗೆ ಬೆರಳು ಹಾಕಿದ್ದು?”
“ಯಾರ ಬೆರಳು? ಅಲ್ಲಿ ನೂರು ಬೆರಳಿದ್ದವು.”
ಚಹಾ ಆರಿತು. ಮಾತು ಆರಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ, ಬಕೆಟಿನಲ್ಲಿ ನೆನೆದಿದ್ದ ಬಿಳಿ ಹನ್ನೆರಡನ್ನು
ಎತ್ತಿ ತೋರಿಸುತ್ತಿದ್ದೆನೇನೋ:
ಕಾಲರಿನ ಎಡಕ್ಕೆ ರಕ್ತ, ಹೊಲಿಗೆ ಬಿಚ್ಚಿದೆ.
ಹಸಿರು ಏಳರ ತೋಳಿನಲ್ಲಿ ಹಲ್ಲು ಕಚ್ಚಿದಷ್ಟು ತೂತು.
ಬಟ್ಟೆಗೆ ಪಕ್ಷವಿಲ್ಲ.
ಇಬ್ಬರ ಮೇಲೂ ದೂರು ಹೇಳುತ್ತದೆ.

ಸಂಜೆ ರೆಫ್ರಿಯ ಅಂಗಿ ಕೈಗೆ ಬಂತು.
ಜೇಬು ನೋಡದೆ ನೀರಿಗೆ ಹಾಕಿದ್ದು ನನ್ನದೇ ತಪ್ಪು.
ಹಳದಿ ಕಾರ್ಡು, ಬೆವರಿಗೆ ಮೊದಲೇ ಮೆತ್ತಗಾದದ್ದು.
ಕೆಂಪು ಕಾರ್ಡು, ಅಂಗಡಿಯಿಂದ ಈಗ ತಂದಂತೆ ಗಟ್ಟಿ.
ಜೊತೆಗೊಂದು ಸ್ಕೋರಿನ ಚೀಟಿ, ಪೆನ್ಸಿಲಿನಲ್ಲಿ:
ಅರವತ್ತೆಂಟನೇ ನಿಮಿಷ. ಏಳು.
ಮುಂದೆ ಒಂದು ಪ್ರಶ್ನೆಚಿಹ್ನೆ,
ಅಳಿಸಿ, ಮತ್ತೆ ಬರೆದದ್ದು.

ಪೆನ್ಸಿಲು ನೀರಿಗೆ ಹೋಗುವುದಿಲ್ಲ.

ಗಂಗೊಳ್ಳಿ ಶಾಲೆಯ ಹೊಯಿಗೆ ಮೈದಾನ,
ತಾಲೂಕು ಕಬಡ್ಡಿ, ಕೊನೆಯ ರೈಡು ನನ್ನದು.
ಬೆರಳು ನನ್ನ ಹಿಮ್ಮಡಿಗೆ ತಾಗಿತ್ತು,
ಇರುವೆ ಹತ್ತಿದಷ್ಟು.
ಡ್ರಿಲ್ ಮಾಸ್ಟ್ರು ಕೇಳಿದರು: “ಮುಟ್ಟಿದನಾ?”
ಮುಟ್ಟಿದವನಿಗೆ ಗೊತ್ತು, ಮುಟ್ಟಿಸಿಕೊಂಡವನಿಗೆ ಗೊತ್ತು.
ನಾನು ತಲೆಯಾಡಿಸಿದೆ, ಅಡ್ಡಕ್ಕೆ.
ಆ ಹುಡುಗ, ಕೊರಗಪ್ಪನೋ ಕರಿಯಣ್ಣನೋ, ಹೆಸರು ಮರೆತಿದೆ,
ಬೆರಳು ಎತ್ತಿ ಹಿಡಿದುಕೊಂಡೇ ನಿಂತಿದ್ದ.
ನಮಗೆ ಆರು ಸ್ಟೀಲು ಲೋಟ ಬಹುಮಾನ.
ನನ್ನ ಪಾಲಿನದು ತಂಗಿಯ ಮನೆಯಲ್ಲಿದೆ.
ಊರಿಗೆ ಹೋದಾಗ ಅದರಲ್ಲೇ ನೀರು ಕೊಡುತ್ತಾಳೆ.
ಬಾಯಾರಿರುತ್ತದೆ, ಕುಡಿಯುತ್ತೇನೆ.

ಚೀಟಿಯನ್ನು ಎರಡು ಟವೆಲಿನ ನಡುವೆ ಇಟ್ಟು
ಹದ ಬಿಸಿಯಲ್ಲಿ ಇಸ್ತ್ರಿ ಮಾಡಿದೆ.

ಸೋಮವಾರ ಡೋನಲ್ ಬಂದ.
ಸೀಟಿ ಇಲ್ಲದೆ ಆಳು ಕುಳ್ಳಗೆ ಕಂಡ.
ಹೊರಗೆ ಚಹಾದಂಗಡಿಯಲ್ಲಿ ಅದೇ ವಾದ, ಮೂರನೇ ದಿನ.
ಇವನು ಒಳಗೆ ಬಂದದ್ದನ್ನು ಕಂಡು ಒಂದು ಕ್ಷಣ ನಿಂತಿತು,
ಮತ್ತೆ ಶುರುವಾಯಿತು, ಸ್ವಲ್ಪ ಗಟ್ಟಿಯಾಗಿ.
ಮಡಚಿದ ಅಂಗಿ, ಮೇಲೆ ಎರಡು ಕಾರ್ಡು,
ಅದರ ಮೇಲೆ ಚೀಟಿ, ಬರಹ ಕೆಳಮುಖವಾಗಿ.

ಅವನು ತಿರುವಿ ನೋಡಿದ.
ನನ್ನನ್ನು ನೋಡಿದ.
ನಾನು ಹ್ಯಾಂಗರು ಎಣಿಸುತ್ತಿದ್ದೆ.

“ಎಷ್ಟು?”
“ಎಂಟುನೂರು ಫಿಲ್ಸ್.”
ಒಂದು ದಿನಾರ್ ಇಟ್ಟು, ಚಿಲ್ಲರೆಗೆ ಕಾಯದೆ,
ಹಿಂದಿನ ಬಾಗಿಲು ಯಾವ ಕಡೆ ಅಂತ ಕೇಳಿದ.