ಕಾರಣ ಕೇಳಿದ ನೋಟೀಸಿಗೆ ಉತ್ತರ

ಹೌದ್ರೀ, ಕೀಲಿ ನನ್ನ ಕಡೇನ ಇತ್ತು.
ಮಾಜಿ ಸೈನಿಕರ ಕಚೇರಿ, ಗದಗ, ಮುಳಗುಂದ ನಾಕಾದ ಹತ್ರ,
ಕೆಳಗ ಪಂಕ್ಚರ್ ಅಂಗಡಿ, ಮ್ಯಾಲೆ ನಾವು.
ಹಸಿರು ಕಪಾಟು, ಒಂದು ಬಾಗಲಾ ಓರೆ,
ಮುಚ್ಚಬೇಕಂದ್ರ ಮೊಣಕಾಲು ಕೊಡಬೇಕು.
ಹನ್ನೊಂದು ವರ್ಷ ಕೊಟ್ಟೀನಿ.

ಬೆಂಚಿನ ಮ್ಯಾಲೆ ಹುಸೇನಸಾಬ ನದಾಫ,
ತೋಪಖಾನೆಯ ಹವಾಲ್ದಾರ,
ಎಡಗಿವಿ ಪೂರಾ ತೋಪಿಗೆ ಕೊಟ್ಟು ಬಂದಾಂವ,
ಬಲಗಿವಿ ಅರ್ಧ.
ಕಿವಿಯ ಮಷೀನಿಗೆ ಅರ್ಜಿ ಹಾಕಿ ಮೂರು ವರ್ಷ ನಾಕು ತಿಂಗಳು.
ಬಂದದ್ದು ಯಾರದೋ ಬಲಗಿವಿಯದು. ವಾಪಸ್ ಕಳಿಸಿದ್ವಿ.
ಮುಂದ ಏನಾತೋ ಗೊತ್ತಿಲ್ಲ.
ಗೊತ್ತಿಲ್ಲ ಅಂದ್ರ "ಆಂ?" ಅಂತಿದ್ದ.
"ಬರತೈತ್ರೀ!" ಅಂತ ಒದರತಿದ್ದೆ.
ಒದರಿ ಹೇಳಿದ್ದು ಖರೇ ಅನಸತೈತಿ,
ಒದರಿದಾಂವಗೂ.

ಬೆಟಗೇರಿಯ ತಳವಾರ ಪಾರವ್ವ, ಸಿಪಾಯಿಯ ಹೇಣ್ತಿ.
ಪಲ್ಟನ್ನಿನ ಕಾಗದದಾಗ ಪಾರ್ವತಿ, ಬ್ಯಾಂಕಿನಾಗ ಪಾರವ್ವ,
ಆಧಾರಿನಾಗ ಪಾರ್ವತೆವ್ವ.
ಮೂವರೊಳಗ ಪಿಂಚಣಿ ಯಾರಿಗೆ ಅಂತ ಮ್ಯಾಲಿನವರು ಕೇಳಿದ್ರು.
ನಾ ಆ ಪತ್ರ ಕಪಾಟಿನಾಗ ಇಟ್ಟೆ.
ಮೂವರೂ ಒಂದ ಬುತ್ತಿ ಕಟಗೊಂಡು
ಸೋಮವಾರಕ್ಕೊಮ್ಮೆ ಬರತಿದ್ರು.

ಒಂದಿನ ನದಾಫ ಪೇಪರಿನ ತುಂಡು ತಂದ,
ಪಿಂಚಣಿ ಪುಸ್ತಕದ ಪ್ಲಾಸ್ಟಿಕ್ಕಿನೊಳಗ ನಾಕು ಮಡಿಕಿ ಮಾಡಿ.
ಹೊಸ ಕಾಯ್ದೆ ಪಾಸಾಗಿತ್ತು.
ತಪಾಸಣೆಯವರು ಹೇಳದ ಬರಬಹುದು,
ಕೇಳದ ಕಪಾಟು ತಗೀಬಹುದು,
ಅರವತ್ತು ದಿನದಾಗ ಉತ್ತರ ಕೊಡದ ಇಲಾಖೆಯ ಹೆಸರು
ಸದನದಾಗ ಎಲ್ಲಾರಿಗೂ ಕೇಳೂಹಂಗ ಓದಬೇಕು.
'ಹೇಳದ' ಅನ್ನೂದರ ಮ್ಯಾಲೆ ಬಟ್ಟಿಟ್ಟ:
"ಕಾರಕೂನರ, ರೌಂಡ್ ಬರತೈತಿ."

ಯಾವ ರೌಂಡು?
"ಬರ್ಫದಾಗ ಎರಡೆರಡು ತಾಸು ಪಹರೆ.
ನಾವು ಗಡಿ ಕಾಯೋದು, ನಮ್ಮನ್ನ ಕಾಯಾಕ ಒಬ್ಬ ಸಾಹೇಬ.
ಒಂದಕ್ಕ ಬರತಾನೋ ಮೂರಕ್ಕ ಬರತಾನೋ,
ಬ್ಯಾಟರಿ ಹಚ್ಚಂಗಿಲ್ಲ, ಕೆಮ್ಮಂಗಿಲ್ಲ.
ಅವನ ಬೂಟಿನ ಸಪ್ಪಳಕ್ಕ ಕಾದು ಕಾದು ಎಚ್ಚರಿರತಿದ್ವಿ.
ವೈರಿ ಬಂದದ್ದು ಒಂದ ಸಲ.
ಸಾಹೇಬ ದಿನಾ ಬಂದಾನ."

ಬಂದಾಕಿ ಹೆಣಮಗಳು, ಬೂಟಿಲ್ಲ,
ರಬ್ಬರ್ ಚಪ್ಪಲಿ, ಸಪ್ಪಳ ಇಲ್ಲ.
ಗುರುವಾರ, ಹುಬ್ಬಳ್ಳಿ ಪ್ಯಾಸೆಂಜರ್ ಬಂದು ಹತ್ತು ನಿಮಿಷಕ್ಕ.
ಕೀಲಿ ಸಾಹೇಬರ ಕಡೆ ಅಂದೆ ನಾನು,
ಕೈ ತಾನ ಕಿಸೆಕ್ಕ ಹೋತು.
ಮೊಣಕಾಲಿನ ಗುಟ್ಟು ಆಕಿಗೆ ಗೊತ್ತಿರಲಿಲ್ಲ. ಜಗ್ಗಿದಳು.
ಕಡತ ಜಾರಿ ಬಂದು ಆಕಿ ಕಾಲಮ್ಯಾಲೆ ಬಿದ್ದೂವು.

ಎರಡುನೂರಾ ಹದಿನಾಕು.
ಸೆರಗಿಲೆ ಧೂಳ ಒರಸಿ
ಒಂದೊಂದ ಹೆಸರು ಗಟ್ಟಿಯಾಗಿ ಓದಿದಳು.
ಬೆಂಚಿನಿಂದ "ಹಾಜರ್!"
ಇನ್ನೊಂದು ಹೆಸರು. "ಹಾಜರ್!"
ನದಾಫಗ ಧ್ವನಿ ಕೇಳತಿತ್ತು, ಹೆಸರು ತಿಳೀತಿರಲಿಲ್ಲ.
ತನ್ನದ ಇರಬೇಕಂತ ಪ್ರತಿಯೊಂದಕ್ಕೂ ಎದ್ದು ನಿಲ್ಲತಿದ್ದ.
ಅರವತ್ತೊಂದು ಮಂದಿ ಸತ್ತು ಹೋಗಿದ್ರು.
ಅವರಿಗೂ ಎದ್ದ.
ಆಕಿ ತಡೀಲಿಲ್ಲ. ಕೊನೀತನಕ ಓದಿದಳು.

ಆಮ್ಯಾಲೆ ಹಾಳಿ ಮ್ಯಾಲೆ ಬರದು ಅವಗ ಹಿಡಿದಳು:
ಈ ಕಾರಕೂನನ ಮ್ಯಾಲೆ ದೂರು ಐತೇನು?
ನನ್ನ ಕಡೆ ನೋಡಿದ ಮುದುಕ.
"ಸೆಂಟ್ರಿ ಮಲಗಿದ್ದ, ಖರೇ.
ಹನ್ನೊಂದು ವರ್ಷ ರೌಂಡ್ ಯಾಕ ಬರಲಿಲ್ಲ?
ಅದನ್ನೂ ಬರಕೊಳ್ರಿ."
ಎರಡೂ ಬರಕೊಂಡಳು.
ಮೊದಲನೇ ಸಾಲಿನಾಗ ನನ್ನ ಹೆಸರೈತಿ,
ಎರಡನೇದರಾಗ ಯಾರದು ಅಂತ ನನಗೂ ಹೇಳಿಲ್ಲ.

ಪಾರವ್ವರು ಮೂವರೂ ಏಪ್ರಿಲ್ ತಿಂಗಳಾಗ ಒಬ್ಬಾಕಿ ಆದ್ರು.
ಬಾಕಿ ರೊಕ್ಕ ಎಣಿಸಲಿಲ್ಲ ಆಕಿ,
ಹೆಸರಿನ ಮ್ಯಾಲೆ ಬಟ್ಟಾಡಿಸಿದಳು.
ಕಿವಿಯ ಮಷೀನು ಇನ್ನೂ ಬಂದಿಲ್ಲ.
ನದಾಫ ಬರತಾನ, ಕೂಡತಾನ,
ಈಗ ನಾನು ಒದರೂದಿಲ್ಲ, ಬರದು ತೋರಸತೀನಿ:
ಮೂವತ್ತೆಂಟನೇ ದಿನ. ಮೂವತ್ತೊಂಬತ್ತು.

ಕಪಾಟಿಗೆ ಮೊಣಕಾಲು ಕೊಡೂದು ಬಿಟ್ಟೀನಿ.
ಬಾಗಲಾ ಬಾಯಿ ಬಿಟಗೊಂಡು ನಿಂತಿರತೈತಿ,
ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದ್ರ
ಕಡತದ ಲಾಡಿ ಅಲಗತಾವು.
ನಿನ್ನೆ ಪಂಕ್ಚರ್ ಅಂಗಡಿ ಹುಡುಗ
ಬರಿಗಾಲಿಲೆ ಮೆಟ್ಟಲಾ ಹತ್ತಿ ಬಂದ, ಕುಡ್ಯಾಕ ನೀರು ಕೇಳಾಕ.

ನಾನು ಎದ್ದು ನಿಂತಿದ್ದೆ.