ಹೊಟ್ಟೆಯೊಳಗಿನ ಹೆಸರು

ಸಾಗರದ ಮೀನು ಮಾರ್ಕೆಟ್ಟಿನಲ್ಲಿ
ಎಡಗಡೆ ಮೂರನೇ ಕಟ್ಟೆ ನನ್ನದು.
ಮಾರುವುದಿಲ್ಲ ನಾನು, ಕೊಯ್ದು ಕೊಡುತ್ತೇನೆ,
ಕೇಜಿಗೆ ಇಪ್ಪತ್ತು.
ಈಳಿಗೆಮಣೆ ಅವ್ವನದು, ಬೂದಿಬಟ್ಟಲು ನನ್ನದು,
ಕೆಳಗೆ ಕಾಯುವ ಬೆಕ್ಕು ಯಾರದೂ ಅಲ್ಲ.

ಹೊರಗಿನಿಂದ ಮೀನು ಏನೂ ಹೇಳುವುದಿಲ್ಲ,
ಕಣ್ಣು ಬಿಟ್ಟುಕೊಂಡೇ ಸುಮ್ಮನಿರುತ್ತದೆ.
ಹೊಟ್ಟೆ ಕೊಯ್ದರೆ ಗೊತ್ತಾಗುತ್ತದೆ
ನಿನ್ನೆ ರಾತ್ರಿ ಹಿನ್ನೀರಿನಲ್ಲಿ ಏನು ನಡೆಯಿತೆಂದು.

ಹಸಿರುಮಕ್ಕಿಯಿಂದ ಕೆರಿಯಪ್ಪ ಚೀಲ ತಂದು ಸುರಿದ.
ಬೆಳಗಿನ ಐದಕ್ಕೆ ನೀರು ಬಿಟ್ಟದ್ದು
ಹತ್ತಾದರೂ ಹೊರಳುತ್ತಲೇ ಇತ್ತು,
ಮೊಳದುದ್ದದ ಆಫ್ರಿಕನ್ ಕ್ಯಾಟ್.
ಮೀಸೆ ಎಂಟು. ಹುರುಪೆ ಇಲ್ಲ, ಹೇಸಿಗೆಯೂ ಇಲ್ಲ.
ಸಾಕಬಾರದೆಂದು ಕಾನೂನಿದೆಯಂತೆ,
ಕಾನೂನನ್ನು ನಾನು ಕೊಯ್ದು ನೋಡಿಲ್ಲ.
ಯಾರದೋ ಹೊಂಡ, ಯಾವುದೋ ಆಷಾಢ,
ಏರಿ ಒಡೆದು ಹೊಂಡ ಹೊಳೆಗೆ ಸೇರಿತು,
ಅಷ್ಟೇ ಕತೆ.

ಬೂದಿ ಹಚ್ಚಿ ಹಿಡಿದು ಸೀಳಿದೆ.
ಏಡಿಯ ಕೊಂಬು. ಕಪ್ಪೆಯ ಕಾಲು.
ಕೋಳಿಯ ಕರುಳು, ಅದು ನಾವೇ ಎಸೆದದ್ದಿರಬೇಕು.
ಆಮೇಲೆ ಬೆರಳುದ್ದದ್ದೊಂದು, ಅರ್ಧ ಕರಗಿದ್ದು,
ಬಾಲದ ಬುಡದಲ್ಲಿ ಇನ್ನೂ ಅಳಿಯದ ಕರಿಬೊಟ್ಟು.

ಬಾಟಲಿ ಹಿಡಿದು ಕೂತಿದ್ದಳು ಅರ್ಫಾ.
ಕಾಲೇಜಿನ ಹುಡುಗಿ, ಮಂಗಳವಾರ ಶುಕ್ರವಾರ ಬರುತ್ತಾಳೆ,
ಎಲ್ಲರೂ ತುಂಡು ಒಯ್ದರೆ ಇವಳು ಕರುಳು ಒಯ್ಯುತ್ತಾಳೆ.
"ಇದು ಯಾವುದು ಅಕ್ಕಾ?"

ನಾಲಿಗೆ ತಡಕಿತು.
ಅವ್ವನ ಬುಟ್ಟಿಯ ತುಂಬ ಹೆಸರಿದ್ದವು:
ಅವಲು, ಗಿರ್ಲು, ಮುರುಗೋಡು, ಚೇಳುಮೀನು,
ಹೊಸ ನೀರಿಗೆ ಗದ್ದೆಯತನಕ ಏರಿ ಬರುವ ಹತ್ತುಮೀನು.
ಬಾಣಂತಿಗೊಂದು, ಜ್ವರ ಬಿಟ್ಟವನಿಗೊಂದು,
ಸಾಲ ಕೊಟ್ಟವನು ಬಂದರೆ
ಸೊಪ್ಪಿನಡಿ ಮುಚ್ಚಿಡಲು ಒಂದು.
ಈಗ ಮಾರ್ಕೆಟ್ಟಿಗೆ ಎರಡು ಮಾತು ಸಾಕು.
ಕ್ಯಾಟ್. ಜಿಲೇಬಿ.
ಉಳಿದದ್ದನ್ನೆಲ್ಲ ಕೈಯಲ್ಲೇ ತೋರಿಸುತ್ತಾರೆ,
ಇಷ್ಟುದ್ದ, ಅಷ್ಟುದ್ದ.

"ಬೊಟ್ಟುಗೆಂಡೆ," ಅಂದೆ.
ಅನ್ನುತ್ತಲೇ ಬಾಯಿಗೆ ಹುಳಿ ಬಂತು,
ವಾಟೆಹುಳಿ ಹಾಕಿದ ಅವ್ವನ ಸಾರಿನದು.
ಮುಳ್ಳು ಬಹಳ, ಮಾತಾಡುತ್ತ ತಿನ್ನಬಾರದು
ಎಂದು ಗದರುತ್ತಿದ್ದಳು ಮಾತಾಡುತ್ತಲೇ.
"ಕೊನೆಗೆ ಯಾವಾಗ ನೋಡಿದ್ದು?"
ಹೇಳಬೇಕೆಂದರೆ, ಈಗಲೇ.

ಜಿಲೇಬಿಯನ್ನು ಬೈಯಲು ಮಾತ್ರ ನನಗೆ ಬಾಯಿಲ್ಲ.
ಗಂಡ ಹಾಸಿಗೆ ಹಿಡಿದ ಎರಡು ವರ್ಷ
ಮಗಳನ್ನು ಬೆಳೆಸಿದ್ದು ಅದೇ,
ಬೆಲೆ ಕಮ್ಮಿ, ಮುಳ್ಳು ಕಮ್ಮಿ,
ನಾಲ್ಕು ದಿನ ಕೇಳಿದರೂ ಇಲ್ಲವೆನ್ನದ ಮೀನು.
ಇಡೀ ಹಿನ್ನೀರೇ ಅದರದಾಗಿದೆ ಎಂದು
ಆಗ ಹೊಳೆಯಲಿಲ್ಲ. ಹೊಳೆದಿದ್ದರೂ
ಕೊಳ್ಳುತ್ತಿದ್ದೆ.

ಅದೇ ಚೀಲದ ತಳದಲ್ಲಿ ಒಂದಕ್ಕೆ ಇನ್ನೂ ಉಸಿರಿತ್ತು.
ದವಡೆ ಒತ್ತಿದೆ.
ಬಾಯಿಂದ ಮರಿಗಳು ಸುರಿದವು,
ಸಾಸಿವೆಗೆ ಕಣ್ಣು ಬಂದಂತೆ.
ಬಲೆಯಲ್ಲಿ, ಚೀಲದಲ್ಲಿ, ಬಸ್ಸಿನ ಟಾಪಿನ ಮೇಲೆ,
ಎಲ್ಲೂ ಬಾಯಿ ಬಿಟ್ಟಿರಲಿಲ್ಲ ಆ ತಾಯಿ,
ಬಿಡಿಸಿದ್ದು ನನ್ನ ಹೆಬ್ಬೆರಳು.
ಬಕೆಟ್ಟಿಗೆ ಬಿದ್ದವು, ಬಿದ್ದದ್ದೇ ಈಜಿದವು,
ಒಟ್ಟಿಗೆ ತಿರುಗಿ ನನ್ನ ನೆರಳಿನೊಳಗೆ ನುಗ್ಗಿದವು.

ಮಾರ್ಕೆಟ್ಟಿನ ಚರಂಡಿ ಕೆರೆಗೆ,
ಕೆರೆಯ ಕೋಡಿ ಹಳ್ಳಕ್ಕೆ, ಹಳ್ಳ ಹೊಳೆಗೆ.
ಹೊಳೆಯಲ್ಲೆಲ್ಲೋ ಕಲ್ಲುಸಂದಿಯಲ್ಲಿ
ಬೊಟ್ಟುಗೆಂಡೆಯ ಒಂದು ಮನೆ ಉಳಿದಿದ್ದರೆ?

ದಿನಕ್ಕೆ ನಲವತ್ತು ಕೇಜಿ ಕೊಯ್ಯುವ ಕೈ ಇದು.
ಎತ್ತಿದ ಬಕೆಟ್ ಹಾಗೇ ನಿಂತಿತು.
ಅರ್ಫಾ ತಲೆ ಎತ್ತಲಿಲ್ಲ,
ಬಾಟಲಿಗೆ ಚೀಟಿ ಅಂಟಿಸುತ್ತಿದ್ದಳು,
ಒಣಗಿದ ಅಂಟನ್ನೇ ಮತ್ತೆ ಮತ್ತೆ ಒತ್ತುತ್ತ.

ನೀರು ಬಸಿದು ಬೂದಿಬಟ್ಟಲಿಗೆ ಸುರಿದೆ.
ಸ್ವಲ್ಪ ಹೊತ್ತು ಬೂದಿ ಅಲುಗಿತು.
ಬೆಕ್ಕು ಮೂಸಿ ನೋಡಿ ಹೋಯಿತು.

"ಚರ್ಮ ಬಿಡಿಸಿ ಕೊಡಿ," ಎಂದ ಗಿರಾಕಿ.
ಬಿಡಿಸಿ ಕೊಟ್ಟೆ.
ಹೊಸ ಬೂದಿ ತರಬೇಕು ಅಂದುಕೊಳ್ಳುತ್ತೇನೆ ದಿನಾ,
ಮರೆತು ಬರುತ್ತೇನೆ.