ಅಳಿಲು ಒಯ್ದದ್ದೂ ಹಿಡದು

ಕಾಯಿ ಹದಿನೇಳು. ಎಣಿಸಿದಾಕಿ ನಾನ,
ಮಾಳಿಗಿ ಮ್ಯಾಲೆ ನಿಂತು, ಟೊಂಗಿ ಬಗ್ಗಿಸಿ, ಎರಡ ಸಲ.
ಅಷ್ಟೊತ್ತಿಗೆ ಒಂದನ್ನ ಅಳಿಲು ಒಯ್ದಿತ್ತು.
ಅದನ್ನೂ ಲೆಕ್ಕಕ್ಕ ಹಿಡದೇನಿ,
ಬೆಳದದ್ದು ಬೆಳದದ್ದ.

ಹನ್ನೊಂದು ವರ್ಷದ ಹಿಂದ
ಸೇಬಿನ ಲೋಡ್ ಇಳಿಸಿ ಬಂದ ಮೈದುನ ತುಳಜಾಸಾ
ಲಾರಿಯ ತಾಡಪತ್ರಿ ಝಾಡಿಸಿದಾಗ
ಉದುರಿದ್ದು ಐದು ಅಕ್ರೋಟ.
ನಾಲ್ಕನ್ನ ಹುಡುಗೋರು ಬಾಗಲ ಸಂದ್ಯಾಗ ಇಟ್ಟು ಒಡದು ತಿಂದ್ರು,
ಆ ಬಾಗಲ ಇವತ್ತಿಗೂ ಕಿರ್ ಅಂತೈತಿ.
ಐದನೇದು ಉರುಳಿ ಬಚ್ಚಲ ನೀರು ಹರಿಯೂ ಕಡೆ ಕುಂತು
ಶಿವರಾತ್ರಿ ದಾಟಿದ ಮ್ಯಾಲೆ ತಲಿ ಎತ್ತಿತು.

ನರ್ಸರಿ ಈರಭದ್ರಪ್ಪ ನೋಡಿ ನಕ್ಕ:
"ಗದಗಿನ ಬಿಸಲಾಗ ಇದು ಎಲಿ ಬಿಡತೈತಿ ಅಷ್ಟ, ತಂಗೀ.
ಹಿಮ ಬೇಕು ಇದಕ್ಕ. ಫ್ರಿಜ್ಜಿನ್ಯಾಗ ಇಡ್ತೀ ಏನು?"
ಸುಳ್ಳಲ್ಲ ಅವನ ಮಾತು. ಹತ್ತು ವರ್ಷ ಬರೇ ಎಲಿ.
ಹಿಚುಕಿದ್ರ ಒಂದು ವಾಸನಿ,
ನಿಂಬಿಕಾಯಿ ಮತ್ತ ಬೂಟ್ ಪಾಲಿಶಿನ ನಡುವ ಎಲ್ಲೋ.
ಬುಡಕ್ಕ ಹಚ್ಚಿದ ಟೊಮ್ಯಾಟೊ ಮೂರು ಸಲ ಬಾಡಿದವು.
"ಸೊಕ್ಕಿನ ಗಿಡ" ಅಂದ್ರು ಅತ್ತಿ ಅಂಬೂಬಾಯಿ,
"ತಾನೂ ಕೊಡೂದಿಲ್ಲ, ಮಗ್ಗಲಿನವ್ರನ್ನೂ ಬಾಳಿಸೂದಿಲ್ಲ."
ಗಿಡದ ಕಡೆ ನೋಡಿ ಅಂದದ್ದೋ, ನನ್ನ ಕಡೆಯೋ
ವಿಚಾರಿಸಲಿಲ್ಲ ನಾ. ಬಣ್ಣದ ಹಂಡೆ ಕುದೀತಿತ್ತು.

ಬೆಟಗೇರಿಯ ನಮ್ಮ ಓಣ್ಯಾಗ ನೂಲಿಗೆ ಬಣ್ಣ ಹಾಕೂ ಮನಿ ಈಗ ಎರಡ.
ಒಂದು ನಮ್ಮದು.
ಇನ್ನೊಂದರ ಹಂಡೆ ಮದುವಿ ಅಡಗಿಗೆ ಬಾಡಿಗಿ ಹೋಗತೈತಿ.
ಪುಡಿ ಬರೂದು ಡಬ್ಬ್ಯಾಗ, ಡಬ್ಬಿ ಮ್ಯಾಲೆ ನಂಬರ:
ನಲವತ್ತೊಂದು ಗಿಳಿಹಸರು, ಅರವತ್ತಾರು ಕುಂಕುಮ.
ನನ್ನ ಕೈ ಯಾವತ್ತೂ ಯಾವದೋ ಒಂದು ನಂಬರ.

ಹನ್ನೊಂದನೇ ವರ್ಷ ಬಿಟ್ಟವು. ಯಾಕಂತ ಕೇಳಬ್ಯಾಡ್ರಿ.
ಥಂಡಿ ಭಾಳ ಇತ್ತಲ್ಲ ಅಂತಾರ,
ಪೈಪು ಒಡದು ಹಂಡೆ ನೀರು ಬುಡಕ್ಕ ಹೋತಲ್ಲ ಅಂತಾರ.
ಗಣಪ್ಪನ್ನ ಕಳಿಸಿದ ಮರುದಿನ ಒಂದು ಬಿರೀತು,
ಹಸರು ಸಿಪ್ಪಿ ಸೀಳಿ
ಒಳಗಿಂದ ಕಟಗಿಯಂಥಾದ್ದು ಹಣಿಕಿ ಹಾಕ್ತು.
ಹಳೇ ಸೀರಿ ಹಾಸಿ ಕೋಲಿಲೆ ಬಡದೆ.

ಸಿಪ್ಪಿ ಬಿಡಿಸಿದ್ದು ಬರಿಗೈಲೆ.
ಸಂಜೀಕ ಬಟ್ಟೆಲ್ಲಾ ಕರ್ರಗ.
ಸಬಕಾರಕ್ಕ ಹೋಗಲಿಲ್ಲ, ಹುಣಸಿಹುಳಿಗೆ ಹೋಗಲಿಲ್ಲ.
ಮೂವತ್ತು ವರ್ಷ ಬಣ್ಣದಾಗ ಕೈ ಅದ್ದಿದಾಕಿ ನಾ,
ನನ್ನ ಕೇಳದ ಬಂದು ಕುಂತ ಬಣ್ಣ ಇದೊಂದ.

"ಬಕೀಟಿನ್ಯಾಗ ಹಾಕ್ರಿ ವೈನಿ" ಅಂದ ತುಳಜಾಸಾ ಫೋನಿನ್ಯಾಗ,
"ಮುಳುಗಿದ್ದು ಗಟ್ಟಿ. ತೇಲಿದ್ದು ಪೊಳ್ಳು."
ಮನಿಮಂದಿ ಎಲ್ಲಾ ಬಕೀಟಿನ ಸುತ್ತ.
ತೇಲಿದ್ದು ಹನ್ನೆರಡು.
ಅತ್ತಿ ಏನೂ ಅನ್ನಲಿಲ್ಲ.
ಅದು ನನಗ ಅಂದದ್ದಕ್ಕಿಂತ ಜಾಸ್ತಿ ಹತ್ತಿತು.

ನಾಲ್ಕನ್ನ ನೂಲಿನ ಲಡಿ ಮಗ್ಗಲ ಒಣಗಿಸಿ
ಅದ ಬಾಗಲ ಸಂದ್ಯಾಗ ಒಡದಿವಿ.
ಒಂದು ಒಳಗ ಬೂಸಲ. ಮೂರು ಏಳು ಮಂದಿಗೆ.
ಹಲ್ಲಿಲ್ಲದ ಅತ್ತಿ ತನ್ನ ಪಾಲು ಸಕ್ರಿ ಕೂಡ ಕುಟ್ಟಿಸಿಕೊಂಡು,
ಕಣ್ಣು ಮುಚ್ಚಿ, ಭಾಳೊತ್ತು ಬಾಯಾಗ ಇಟಗೊಂಡು
"ಕೊಬ್ರಿ ಆಗಬೇಕಂತ ಮಾಡಿತ್ತು, ಆಗಲಿಲ್ಲ" ಅಂದ್ರು.

ಸಿಪ್ಪಿ ಮೂಲ್ಯಾಗ ಬಕೀಟಿನ್ಯಾಗ ಹಂಗ ಬಿದ್ದಿತ್ತು.
ನಾಲ್ಕನೇ ದಿನ ಚೆಲ್ಲಾಕ ಹೋದ್ರ
ನೀರು ಚಹಾದ ಡಿಕಾಕ್ಷನ್.
ಕೈಗೆ ಚಟ, ಬಿಳೇ ಲಡಿ ಒಂದು ಅದ್ದೇ ಬಿಡ್ತು.
ಕುದಿಸಿ, ಹಿಂಡಿ, ಬಿಸಲಿಗೆ ಹಾಕಿದ್ರ
ಕಂದು ಅನ್ನಾಕ ಬರೂದಿಲ್ಲ ಅದಕ್ಕ.
ಜ್ವಾಳದ ರೊಟ್ಟಿ ಹಂಚಿನ ಮ್ಯಾಲೆ ಒಂದು ಮಾತಿನಷ್ಟು ಹೊತ್ತು
ಜಾಸ್ತಿ ಕುಂತ್ರ ಬರತೈತಲ್ಲ, ಅದು.

ಅಂಗಡಿ ಮೇರವಾಡೆ ಲಡಿ ತಿರಿವಿ ತಿರಿವಿ ನೋಡಿದ.
ಮೂಸಿ ನೋಡಿದ.
ಡಬ್ಬಿ ಪುಸ್ತಕ ತಗದು ಕೊನೀತನಕ ಹುಡಿಕಿದ.
"ಎಷ್ಟನೇ ನಂಬರ ಇದು?"

"ಹದಿನೇಳು" ಅಂದೆ.

ಇನ್ನೂ ಐದು ಕೇಜಿ ಬೇಕಂದ, ದೀಪಾವಳಿ ಒಳಗ.
ಮನಿಗೆ ಬಂದು ಗಿಡಾ ನೋಡಿದೆ.
ಎಲಿ ಉದುರಿಸಲಿಕ್ಕೆ ಸುರು ಮಾಡಿತ್ತು.